ದೂರಪ್ಪನವರ ಮರದ ಜಗಲಿ

ದೂರಪ್ಪನವರಿಗೆ ಬೇಕಾಗಿದ್ದದ್ದು ನೆಮ್ಮದಿಯಾಗಿ ಕೂರಲು ಒಂದು ಜಾಗ, ಅಷ್ಟೆ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಹದಿನೇಳು ವರ್ಷ ಗುಮಾಸ್ತರಾಗಿದ್ದು ದೂರಪ್ಪನೇ ಆಗಿಹೋದ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯಲ್ಲಿ, ಕ್ಷೌರದಂಗಡಿಯಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಜನ ಅವರಿಗೆ ಕರೆಂಟಿನ ಗೋಳು ಹೇಳುತ್ತಿದ್ದರು. ಹಿತ್ತಲಿನ ಗಿಡಗಳ ನಡುವೆ ಮರದ ಹಲಗೆಯ ಒಂದು ಜಗಲಿ, ಅದರ ಮೇಲೊಂದು ಕುರ್ಚಿ, ಕುರ್ಚಿಯಲ್ಲಿ ತಾವು, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಇದನ್ನು ನೆನೆದುಕೊಂಡೇ ಅವರು ಎಷ್ಟೋ ದೂರುಗಳನ್ನು ನಗುನಗುತ್ತ ಬರೆದುಕೊಂಡಿದ್ದರು.

ಮಾಡಿದ ತಪ್ಪು ಒಂದೇ. ಭಾನುವಾರ ಬೆಳಿಗ್ಗೆ ಹಲಗೆ ಕೊಳ್ಳಲು ಹೊರಟವರು ಆ ಮಾತನ್ನು ಗೇಟಿನ ಹತ್ತಿರ ನಿಂತು ಹೆಂಡತಿಗೆ ಗಟ್ಟಿಯಾಗಿ ಹೇಳಿದರು. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಬಂದರು.

"ಒಬ್ರೇ ಹೋಗ್ಬೇಡಿ. ನಿಮ್ಮ ಮುಖ ನೋಡಿದ್ರೆ ಬೆಂಕಿಕಡ್ಡೀನೂ ತೇಗ ಅಂತ ಮಾರ್ತಾರೆ."

"ನಿಮಗ್ಯಾಕೆ ತೊಂದರೆ ಮೇಷ್ಟ್ರೇ, ನಾನೇ..."

"ತೊಂದರೆ ಏನು ಬಂತು? ಮೂವತ್ತು ವರ್ಷ ಮಕ್ಕಳಿಗೆ ಮರ ಬರೆಯೋದು ಕಲಿಸಿದೀನಿ. ನನಗೆ ಗೊತ್ತಿಲ್ಲದ ಮರ ಯಾವುದಿದೆ?"

ಮೊದಲನೇ ಟಿಂಬರ್ ಡಿಪೋದಲ್ಲಿ ಮೇಷ್ಟ್ರು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಡಾಕ್ಟರ ಹಾಗೆ ಕಿವಿಗೊಟ್ಟು ಕೇಳಿದರು. ಮೂಸಿದರು. ಆಮೇಲೆ ನೆಕ್ಕಿದರು.

"ಹಸಿ ಮರ. ನಾಳೆ ಚಿಗುರುತ್ತೆ," ಎಂದರು.

"ನೆಕ್ಕಿದ ಹಲಗೆ ಇನ್ಯಾರ್ರೀ ತಗೋತಾರೆ? ಮುಂದಕ್ಕೆ ಹೋಗಿ," ಎಂದು ಡಿಪೋದವನು ಇಬ್ಬರನ್ನೂ ಸಾಗಹಾಕಿದ. ಹೇಗೂ ಅವನು ಹೇಳಿದ ಬೆಲೆಗೆ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಬಹುದಿತ್ತು.

ಎರಡನೇ ಕಡೆ ಬೆಲೆ ಅಗ್ಗ, ಹಲಗೆಯೂ ನೋಡಲು ಚಂದ. "ಜಗಲಿ ಅಂದ್ಮೇಲೆ ನಿಂತು ನೋಡ್ಬೇಕು," ಎಂದು ಮೇಷ್ಟ್ರು ಒಂದನ್ನು ಎರಡು ಇಟ್ಟಿಗೆಯ ಮೇಲಿಟ್ಟು ಹತ್ತಿ ಕುಣಿದರು. ಅದು ಹಪ್ಪಳದಂತೆ ಮುರಿಯಿತು. ಮುರಿದದ್ದಕ್ಕೆ ದುಡ್ಡು ತೆತ್ತು, ಎರಡು ಕಂಕುಳಲ್ಲಿ ಎರಡು ತುಂಡು ಅವುಚಿಕೊಂಡು ದೂರಪ್ಪನವರು ಹೊರಬಿದ್ದರು. ಮೇಷ್ಟ್ರಿಗೆ ಮಾತ್ರ ಭಾರಿ ಖುಷಿ. "ನೋಡಿ, ನಾನಿಲ್ದಿದ್ರೆ ಮೋಸ ಹೋಗ್ತಿದ್ರಿ," ಎಂದರು.

ಮಧ್ಯಾಹ್ನದ ಹೊತ್ತಿಗೆ ಗಲ್ಲಿಯ ಕೊನೆಯಲ್ಲಿದ್ದ ಹಳೇ ಮರದ ಅಂಗಡಿಗೆ ಬಂದರು. ಅಲ್ಲಿ ಆಗಷ್ಟೇ ಹತ್ತರಿ ಹೊಡೆದು ನುಣುಪು ಮಾಡಿದ ಹಲಗೆಗಳು ಜೇನಿನ ಬಣ್ಣದಲ್ಲಿ ಒಟ್ಟಿಕೊಂಡಿದ್ದವು. ದೂರಪ್ಪನವರು ಮನಸೋತರು.

"ಇವತ್ತೇ ಬಂದ ಮಾಲು ಸಾರ್," ಎಂದ ಅಂಗಡಿಯವನು. "ಹದಿನೈದು ವರ್ಷ ಬಿಸಿಲು ಮಳೆ ತಿಂದಿರೋ ಮರ. ಬಾಗೋದೆಲ್ಲ ಬಾಗಿ ಮುಗಿದಿದೆ."

ಬೆಲೆಯೂ ಕೈಗೆಟುಕುವಂತಿತ್ತು. ದೂರಪ್ಪನವರು ತೆಪ್ಪಗೆ ಕಿಸೆಗೆ ಕೈ ಹಾಕಿದರು. ಅಷ್ಟರಲ್ಲಿ ಮೇಷ್ಟ್ರು ತಟ್ಟಿ, ಮೂಸಿ, ನೆಕ್ಕಿ, ಕಣ್ಣು ಮುಚ್ಚಿ, ಇಡೀ ಗಲ್ಲಿಗೆ ಕೇಳುವಂತೆ ಘೋಷಿಸಿದರು: "ಇಂಥ ಮರ ನನ್ನ ಜನ್ಮದಲ್ಲೇ ಕಂಡಿಲ್ಲ."

ಅಂಗಡಿಯ ಮೂಲೆಯಲ್ಲಿ ಹಳೇ ಬಾಗಿಲು ನೋಡುತ್ತಿದ್ದ ದಪ್ಪನೆಯ ಮನುಷ್ಯ ಬಾಗಿಲು ಬಿಟ್ಟು ಬಂದ. "ಎಷ್ಟು ಹೇಳ್ತೀರಿ ಇದಕ್ಕೆ?" ಎಂದ. ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ ಬೆಲೆ ಏರಿಸಿದ. ದಪ್ಪನೆಯವನು ಒಪ್ಪಿದ. ಮತ್ತೆ ಏರಿತು.

ಜನ್ಮದಲ್ಲಿ ದನಿ ಎತ್ತದ ದೂರಪ್ಪನವರು ಹಲಗೆಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. "ಇದು ನಂದು. ಯಾರಿಗಾದ್ರೂ ದೂರಿದ್ರೆ ನಾಳೆ ಆಫೀಸಿಗೆ ಬನ್ನಿ," ಎಂದು ಗುಡುಗಿ, ಮೊದಲ ಬೆಲೆಯ ಎರಡರಷ್ಟು ಎಣಿಸಿಕೊಟ್ಟರು.

ಅಂಗಡಿಯ ಟೆಂಪೋದಲ್ಲೇ ಹಲಗೆ ಹೊರಟಿತು. ಬೀದಿಯ ಹೆಸರು ಕೇಳಿದ್ದೇ ತಡ, ಚಾಲಕ ಮತ್ತೇನೂ ಕೇಳದೆ ನೇರ ಅವರ ಮನೆಗೆ ಬಂದು, ಓಣಿಯ ನಲ್ಲಿಯನ್ನು ತಪ್ಪಿಸಿ, ಹಿಮ್ಮುಖವಾಗಿ ಹಿತ್ತಲಿನವರೆಗೂ ತಂದು ನಿಲ್ಲಿಸಿದ.

"ಮನೆ ಹೇಗಪ್ಪ ಗೊತ್ತಾಯ್ತು?"

"ಬೆಳಿಗ್ಗೆ ಇಲ್ಲಿಂದ್ಲೇ ತಾನೆ ಲೋಡು ತಗೊಂಡು ಹೋಗಿದ್ದು."

ಏನು ಲೋಡು ಎಂದು ಕೇಳುವಷ್ಟರಲ್ಲಿ ಹೆಂಡತಿ ಮುಖವರಳಿಸಿಕೊಂಡು ಬಂದರು. "ರೀ, ಹಿತ್ತಲು ನೋಡಿ, ಎಷ್ಟು ವಿಶಾಲವಾಗಿದೆ. ಹೊಸ ಜಗಲಿ ಪಕ್ಕ ಆ ಕರೀ ಬೇಲಿ ಚೆನ್ನಾಗಿರಲ್ಲ ಅಂತ ಮೇಷ್ಟ್ರ ಹೆಂಡತಿ ಹೇಳಿದ್ರು. ನೀವು ಅತ್ತ ಹೋದ್ರಿ, ನಾನು ಹಳೇ ಮರದವನನ್ನ ಕರೆಸಿ ಕೊಟ್ಟುಬಿಟ್ಟೆ."

ತಮ್ಮ ಮತ್ತು ಮೇಷ್ಟ್ರ ಹಿತ್ತಲುಗಳ ನಡುವೆ ಹದಿನೈದು ವರ್ಷದಿಂದ ಆಳೆತ್ತರ ನಿಂತಿದ್ದ ಹಲಗೆಬೇಲಿ ಅಲ್ಲಿರಲಿಲ್ಲ. ಅದು ಎಣ್ಣೆಸ್ನಾನ ಮಾಡಿದ ಮದುಮಗನಂತೆ ಥಳಥಳಿಸುತ್ತ ಟೆಂಪೋದಲ್ಲಿತ್ತು. ದೂರಪ್ಪನವರಿಗೆ ಅಳು ಬಂತು.

"ಇದನ್ನ ಮತ್ತೆ ಬೇಲಿಗೇ ಹೊಡೆಸ್ತೀನಿ," ಎಂದರು.

"ಇಷ್ಟು ದುಡ್ಡು ಸುರಿದು ತಂದ ಮರಾನ ಬೇಲಿಗಾ? ತಲೆ ನೆಟ್ಟಗಿದೆಯಾ ನಿಮಗೆ?" ಎಂದರು ಹೆಂಡತಿ. ಮೇಷ್ಟ್ರು ಆಗಲೇ ಬಡಗಿಯನ್ನು ಕರೆತರಲು ಹೋಗಿಯಾಗಿತ್ತು.

ಸಂಜೆಯೊಳಗೆ ಜಗಲಿ ಸಿದ್ಧವಾಯಿತು. ನಿಜಕ್ಕೂ ಒಳ್ಳೆಯ ಮರ. ದೂರಪ್ಪನವರು ಕುರ್ಚಿ ಹಾಕಿ, ಕಾಲು ಚಾಚಿ, ಕಣ್ಣು ಮುಚ್ಚಿದರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಊರಿದ ಸದ್ದಾಯಿತು. ಕಣ್ಣು ಬಿಟ್ಟರೆ ಮೇಷ್ಟ್ರು, ಅವರ ಹೆಂಡತಿ, ಅವರಾಚೆಯ ಮನೆಯ ಬಾಡಿಗೆಯವರು, ಎಲ್ಲರೂ ತಂತಮ್ಮ ಕುರ್ಚಿಯೊಂದಿಗೆ ಹಿತ್ತಲು ದಾಟಿ ಬಂದಿದ್ದರು.

"ಇನ್ನು ಬೀದಿ ಸುತ್ತಿಕೊಂಡು ಬರೋ ಕೆಲಸ ತಪ್ತು," ಎಂದರು ಮೇಷ್ಟ್ರು ಆರಾಮವಾಗಿ ಒರಗುತ್ತ. "ಅಂದ ಹಾಗೆ, ನಮ್ಮ ಅಡುಗೆಮನೆ ಲೈಟು ನಿನ್ನೆಯಿಂದ ಮಿಣಮಿಣ ಅಂತಿದೆ. ಬರ್ಕೊಳ್ತೀರಾ?"

ಬಾಡಿಗೆಯವರು ಎದ್ದು ಮೇಷ್ಟ್ರ ಕುರ್ಚಿಯ ಹಿಂದೆ ಸಾಲಾಗಿ ನಿಂತರು.