ಫ್ರಿಜ್ಜಿನೊಳಗಿನ ರಾಣಿ

ಬೀಗ ತಯಾರಿಸುವ ಕಂಪನಿಯ ಆ ಗುಮಾಸ್ತರಿಗೆ ಆಫೀಸಿನವರು ಇಟ್ಟಿದ್ದ ಹೆಸರು ‘ಹೂಂ ಗುಮಾಸ್ತರು’. ಯಾರು ಏನು ಹೇಳಿದರೂ ಅವರ ಬಾಯಿಂದ ಮೊದಲು ‘ಹೂಂ’ ಬರುತ್ತಿತ್ತು. ಹೇಳಿದ ವಿಷಯ ತಲೆಗೆ ಹೋಗುತ್ತಿದ್ದದ್ದು ಆಮೇಲೆ, ಅದೂ ಹೋದರೆ. ಆ ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ ಏನನ್ನೋ ಉದ್ದಕ್ಕೆ ಹೇಳಿದಾಗಲೂ ಅವರು ‘ಹೂಂ’ ಅಂದರು. ಆಗ ಅವರ ಕಣ್ಣು ಭೂತಗನ್ನಡಿಯಲ್ಲಿತ್ತು, ಜೀವ ಒಂದು ಗಾಜಿನ ಕೊಳವೆಯಲ್ಲಿತ್ತು.

ಕೊಳವೆಯಲ್ಲಿದ್ದದ್ದು ಒಂದು ರಾಣಿ ಇರುವೆ ಮತ್ತು ಅದರ ಹತ್ತು ಹನ್ನೆರಡು ಮಕ್ಕಳು. ಮಳೆಗಾಲದ ಒಂದು ಸಂಜೆ ರೆಕ್ಕೆ ಸಮೇತ ಚಹಾದ ಲೋಟಕ್ಕೆ ಬಿದ್ದವಳನ್ನು ಗುಮಾಸ್ತರು ಚಮಚದಲ್ಲಿ ಎತ್ತಿ ಬದುಕಿಸಿದ್ದರು. ಅವಳು ರೆಕ್ಕೆ ಕಳಚಿ, ಮೊಟ್ಟೆಯಿಟ್ಟು ಸಂಸಾರ ಹೂಡಿದ್ದು ಅವರ ಕಣ್ಣೆದುರಿಗೇ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ತನ್ನನ್ನು ನಂಬಿಕೊಂಡವರೆಂದರೆ ಇವರು ಮಾತ್ರ ಎಂದು ಗುಮಾಸ್ತರಿಗೆ ಅನ್ನಿಸಿಬಿಟ್ಟಿತ್ತು. ನಿಜ ಹೇಳಬೇಕೆಂದರೆ, ಅವರಿಗೆ ರಾಣಿಯ ಮೇಲೆ ಪ್ರಾಣವೇ ಇತ್ತು.

ಈಗ ಅವಳಿಗೆ ಮೊದಲ ಚಳಿಗಾಲ. ಇಡೀ ಸಂಸಾರ ಮೈಗೆ ಮೈ ಒತ್ತಿಕೊಂಡು ಅಲುಗಾಡದೆ ಮಲಗಿತ್ತು. ತಣ್ಣಗೆ, ಕತ್ತಲಲ್ಲಿ, ಕುಲುಕದೆ ಇಡಬೇಕು. ನಡುವೆ ಬೆಚ್ಚಗಾಗಿ ಎಚ್ಚರವಾದರೆ ಕೂಡಿಟ್ಟ ಕಸುವೆಲ್ಲ ಖರ್ಚಾಗಿ ಬೇಸಿಗೆ ಕಾಣುವುದೇ ಕಷ್ಟ ಎಂದು ಅವರು ಓದಿದ್ದರು.

“ನನ್ನ ಫ್ರಿಜ್ಜಲ್ಲಿ ಇರುವೆ ಇಟ್ರೆ ನೀವೂ ಅದರ ಪಕ್ಕದಲ್ಲೇ ಮಲಕ್ಕೋಬೇಕಾಗುತ್ತೆ” ಎಂದು ಹೆಂಡತಿ ಮೊದಲೇ ಹೇಳಿದ್ದಳು. ಹಾಗಾಗಿ ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಬಚ್ಚಲಿನ ಕಿಟಕಿಯ ಹೊರಗೆ ಇಟ್ಟಿದ್ದರು. ಈಚೆಗೆ ಅಲ್ಲಿಗೂ ಬಿಸಿಲು ಬೀಳತೊಡಗಿತ್ತು. ಇನ್ನು ಆಫೀಸಿನ ಫ್ರಿಜ್ಜೇ ಗತಿ.

ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು ಕಾಲುಚೀಲ ಹುಡುಕಲು ಒಳಗೆ ಹೋದರು. ಬಂದವರೇ ಡಬ್ಬಿ ಎತ್ತಿ ಚೀಲಕ್ಕೆ ಹಾಕಿಕೊಂಡರು. ಯಾಕೋ ಭಾರವೆನ್ನಿಸಿತು. ರಾಣಿ ಮೈ ತುಂಬಿಕೊಂಡಿದ್ದಾಳೆ ಎಂದು ಹಿಗ್ಗಿದರು. ಮತ್ತೆ ಮುಚ್ಚಳ ತೆಗೆದು ನೋಡಲಿಲ್ಲ, ಎರಡೆರಡು ಸಲ ಬೆಳಕು ತಾಗಬಾರದಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಟೈಪಿಸ್ಟಮ್ಮ ಫ್ರಿಜ್ಜು ಚೊಕ್ಕ ಮಾಡಲು ನಿಂತರು. ಅದು ಯಾರೂ ಅವರಿಗೆ ಒಪ್ಪಿಸದ ಕೆಲಸ. ವಾರಸುದಾರರಿಲ್ಲದ್ದು ಕಂಡರೆ ಸೀದಾ ಕಸದ ಬುಟ್ಟಿಗೆ.

“ಯಾರದಪ್ಪಾ ಈ ಡಬ್ಬಿ?”

“ಬಿಡಿ! ಅಲುಗಿಸ್ಬೇಡಿ! ಮುಚ್ಚಳ ತೆಗೀಬೇಡಿ!” ಹೂಂ ಗುಮಾಸ್ತರು ಓಡಿಬಂದರು.

“ಅಂಥದ್ದೇನ್ರೀ ಇದೆ ಇದ್ರಲ್ಲಿ?”

ಇರುವೆ ಎಂದರೆ ಮುಗಿಯಿತು. ಸಕ್ಕರೆಗೆ ಇರುವೆ ಹತ್ತಿತೆಂದು ಇಡೀ ಆಫೀಸನ್ನು ತಲೆ ಮೇಲೆ ಹೊತ್ತುಕೊಂಡಿದ್ದ ಹೆಂಗಸು ಈಕೆ. “ಔ... ಔಷಧಿ” ಎಂದುಬಿಟ್ಟರು.

“ಯಾವ ಕಾಯಿಲೆಗೆ?”

“ಹೂಂ.”

“ಅಯ್ಯೋ, ಬಾಯಿಬಿಟ್ಟು ಹೇಳೋಕಾಗದಂಥ ಕಾಯಿಲೆ!” ಟೈಪಿಸ್ಟಮ್ಮನ ದನಿ ಮೂರು ಕೋಣೆ ದಾಟಿತು.

ಅದನ್ನು ಕೇಳಿ ಉಗ್ರಾಣದ ಸ್ಟೋರ್‌ಕೀಪರ್ ಬಂದ. ಲೋಕದ ಕಾಯಿಲೆಗಳೆಲ್ಲ ತನಗೆ ಬಂದು ಹೋಗಿವೆ ಎಂಬ ಹೆಮ್ಮೆ ಅವನಿಗೆ. “ನಾನಾಗ್ಲೇ ಅಂದ್ಕೊಂಡಿದ್ದೆ. ಮುಖ ನೋಡಿ, ಹರಳೆಣ್ಣೆ ಕುಡಿದ ಹಾಗಿದೆ. ಎಲ್ಲಿ, ನಾಲಿಗೆ ತೋರ್ಸಿ.” ಗುಮಾಸ್ತರು ತೋರಿಸಿದರು. “ಪಿತ್ತಕೋಶ!”

“ಅಲ್ಲ, ನರಾನೇ” ಎಂದರು ಟೈಪಿಸ್ಟಮ್ಮ. ಪಿತ್ತಕೋಶವೋ ನರವೋ ಎಂದು ಜಗಳ ಹತ್ತಿದಾಗ ಮ್ಯಾನೇಜರ ಕೋಣೆಯ ಬಾಗಿಲು ತೆರೆಯಿತು.

ಮ್ಯಾನೇಜರ್ ತಮ್ಮ ತಲೆಯ ಮೇಲಿನ ನಾಲ್ಕೆಳೆ ಕೂದಲನ್ನು ಸವರಿಕೊಳ್ಳುತ್ತಾ ಬಂದರು. “ಏನ್ರೀ, ಇಷ್ಟು ಸೀರಿಯಸ್ಸಾಗಿದ್ದೀರಿ, ನನಗೊಂದು ಮಾತು ಹೇಳೋದಲ್ವಾ? ಔಷಧಿ ಇವತ್ತು ತಗೊಂಡ್ರಾ?”

“ಹೂಂ... ಇಲ್ಲ ಸಾರ್.”

“ಹಾಗಾದ್ರೆ ಈಗ್ಲೇ ತಗೊಳ್ಳಿ, ನನ್ನೆದುರಿಗೆ. ಅಮ್ಮಾ, ಒಂದು ಚಮಚ ಕೊಡಿ.”

ಸುತ್ತ ಜನ. ಕೈಯಲ್ಲಿ ಚಮಚ. ಕೆಲಸ ಹೋದರೆ ಹೋಗಲಿ, ಇದ್ದದ್ದು ಇದ್ದ ಹಾಗೆ ಹೇಳಿ ರಾಣಿಯ ಸಂಸಾರವನ್ನು ಉಳಿಸಿಕೊಳ್ಳೋಣ ಎಂದುಕೊಂಡು ಗುಮಾಸ್ತರು ಮುಚ್ಚಳ ತೆಗೆದರು.

ಒಳಗೆ ಕಡುಹಸಿರು ಎಣ್ಣೆ ತುಂಬಿ ತುಳುಕುತ್ತಿತ್ತು.

ರಾಣಿ ಎಲ್ಲಿ? ಗುಮಾಸ್ತರಿಗೆ ದಿಕ್ಕೇ ತೋಚಲಿಲ್ಲ. “ಹೂಂ, ಕುಡೀರಿ” ಎಂದರು ಮ್ಯಾನೇಜರ್. ಒಂದು ಚಮಚ ಕುಡಿದರು. ಇನ್ನೊಂದು ಕುಡಿದರು. ರಾಣಿಯ ನೆನಪಿಗೆ ಕಣ್ಣೀರು ಬಂತು. ಪಾಪ, ಎಷ್ಟು ಕಹಿಯೋ ಏನೋ ಎಂದು ಟೈಪಿಸ್ಟಮ್ಮನೂ ಕಣ್ಣೊರೆಸಿಕೊಂಡರು.

“ಇನ್ಮೇಲೆ ದಿನಾ ನನ್ನೆದುರಿಗೇ ಎರಡು ಚಮಚ” ಎಂದು ಮ್ಯಾನೇಜರ್ ಡಬ್ಬಿಯನ್ನು ತಮ್ಮ ಕೋಣೆಗೇ ಒಯ್ದರು. ಗುಮಾಸ್ತರನ್ನು ಸಂಜೆಯವರೆಗೆ ಬೆಂಚಿನ ಮೇಲೆ ಮಲಗಿಸಿ, ಕಾವಲಿಗೆ ಸ್ಟೋರ್‌ಕೀಪರನ್ನು ಕೂರಿಸಿದರು. ಗುಮಾಸ್ತರು ಕದ್ದು ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

ಸಂಜೆ ಬಸ್ಸಿಳಿದು ಏದುಸಿರು ಬಿಡುತ್ತಾ ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿ. “ಬೆಳಿಗ್ಗೆ ಅಷ್ಟು ಬಡ್ಕೊಂಡೆ, ಹೂಂ ಅಂದ್ರಿ, ಮರೆತು ಹೋದ್ರಿ!”

“ಏನು ಬಡ್ಕೊಂಡೆ?”

“ನಿಮ್ಮ ಮ್ಯಾನೇಜರ್ ಹೆಂಡ್ತಿ ತಮ್ಮ ಗಂಡಂಗೆ ಕೂದಲು ಬೆಳೆಯೋ ಎಣ್ಣೆ ಕೇಳಿದ್ರು, ಕಾಯಿಸಿ ಮೇಜಿನ ಮೇಲಿಟ್ಟಿದ್ದೀನಿ, ಯಾರಿಗೂ ಕಾಣದ ಹಾಗೆ ಕೊಡಿ ಅಂತ! ನೋಡಿದ್ರೆ ಡಬ್ಬಿ ಅಲ್ಲೇ ಇತ್ತು. ನಾನೇ ಹೋಗಿ ಅವ್ರ ಮನೇಲಿ ಕೊಟ್ಟು ಬಂದೆ.”

ಗುಮಾಸ್ತರ ತಲೆಗೆ ಈಗ ಹೋಯಿತು. ಬೆಳಿಗ್ಗೆ ಮೇಜಿನ ಮೇಲೆ ಇದ್ದದ್ದು ಎರಡು ಡಬ್ಬಿ, ಒಂದೇ ಜೋಡಿಯವು. ತಾನು ಕುಡಿದದ್ದು ಮ್ಯಾನೇಜರ ತಲೆಯ ಎಣ್ಣೆ. ಮ್ಯಾನೇಜರ ತಲೆಗೆ ಹೋಗಿದ್ದು...

“ಹಚ್ಚೋದು ಹೇಗೆ ಅಂತ ಹೇಳಿ ಬಂದ್ಯಾ?”

“ಹೇಳಿದೆ. ಅವ್ರು ಆಫೀಸಿಂದ ಬಂದ ತಕ್ಷಣ ಬೆಚ್ಚಗೆ ಮಾಡಿ ನೆತ್ತಿ ಮೇಲೆ ಸುರೀರಿ, ಆಮೇಲೆ ಚೆನ್ನಾಗಿ ತಿಕ್ಕಿ ಅಂದೆ.”

ಫೋನ್ ಹೊಡೆದುಕೊಂಡಿತು. ಹೆಂಡತಿ ಎತ್ತಿ ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: “ಮ್ಯಾನೇಜರ್ ಹೆಂಡ್ತಿ. ಡಬ್ಬೀಲಿ ಎಣ್ಣೆ ಇಲ್ವಂತೆ, ಗಾಜಿನ ಕೊಳವೇಲಿ ಕರೀ ಬೀಜ ಇದೆಯಂತೆ. ಹಾಗೇ ಹಚ್ಚಬೇಕಾ, ಅರೆದು ಹಚ್ಚಬೇಕಾ ಅಂತಿದ್ದಾರೆ. ಅರೆಯೋ ಕಲ್ಲು ತೊಳೆದಿಟ್ಟಿದ್ದಾರಂತೆ.”

ಗುಮಾಸ್ತರು ಫೋನ್ ಕಿತ್ತುಕೊಂಡರು. “ಅರೀಬೇಡಿ ಅಮ್ಮಾ! ಬೆಚ್ಚಗೂ ಮಾಡ್ಬೇಡಿ! ಆ ಬೀಜ ಚಳಿಗಾಲ ಮುಗಿಯೋವರೆಗೂ ಫ್ರಿಜ್ಜಲ್ಲಿರ್ಬೇಕು. ಕುಲುಕಬಾರ್ದು, ಬೆಳಕು ತಾಗ್ಬಾರ್ದು, ಮುಟ್ಟಲೇಬಾರ್ದು. ಆಮೇಲೇ ಅದಕ್ಕೆ ಗುಣ ಬರೋದು!”

ಇಷ್ಟುದ್ದದ ಮಾತನ್ನು ಅವರು ಜನ್ಮದಲ್ಲಿ ಆಡಿರಲಿಲ್ಲ. ಆ ಕಡೆ ಪಿಸುಪಿಸು ಕೇಳಿಸಿ, ಮ್ಯಾನೇಜರ್ ದನಿಯೇ ಬಂತು. “ಹಾಗೇ ಆಗ್ಲಿ ರೀ. ಯಾರೂ ಮುಟ್ಟದ ಹಾಗೆ ಫ್ರಿಜ್ಜಿಗೆ ನಮ್ಮ ಕಂಪನೀದೇ ಬೀಗ ಹಾಕಿಸ್ತೀನಿ.”

ರಾಣಿ ಬದುಕಿಕೊಂಡಳು! ಮನೆಯ ಫ್ರಿಜ್ಜಿನಲ್ಲೂ ಸಿಗದ ರಾಜಯೋಗ.

“ಒಂದು ಮಾತು” ಎಂದರು ಮ್ಯಾನೇಜರ್. “ಚಳಿ ಮುಗಿದ ದಿನ ನೀವೇ ಬಂದು, ನಿಮ್ಮ ಕೈಯಾರೆ ಅದನ್ನ ಅರೆದು ನನ್ನ ತಲೆಗೆ ಹಚ್ಚಬೇಕು. ಆಯ್ತಾ?”

“ಹೂಂ” ಎಂದರು ಗುಮಾಸ್ತರು. ಅಂದದ್ದು ಏನೆಂದು ತಲೆಗೆ ಹೋದದ್ದು ಆಮೇಲೆ.

“ಅಲ್ಲೀವರೆಗೆ ನಿಮ್ಮ ಔಷಧಿ ಮಾತ್ರ ತಪ್ಪಿಸ್ಬೇಡಿ. ಮಧ್ಯಾಹ್ನವೇ ಮುಖದಲ್ಲಿ ಒಂದು ಕಳೆ ಬಂದಿತ್ತು. ನಾಳೆಯಿಂದ ಮೂರು ಚಮಚ.”

ಫೋನ್ ಇಟ್ಟು ಗುಮಾಸ್ತರು ಕುರ್ಚಿಯ ಮೇಲೆ ಕೂತರು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಹಾಗಾದ್ರೆ ನಾನು ಕಾಯಿಸಿದ ಎಣ್ಣೆ ಎಲ್ಲಿ?”

“ಕುಡಿದೆ” ಎಂದರು ಗುಮಾಸ್ತರು. “ಇನ್ನೂ ಕುಡೀಬೇಕು.”

ಹೆಂಡತಿ ಅವರ ಮುಖವನ್ನೇ ಒಂದು ಗಳಿಗೆ ನೋಡಿ ಅಡುಗೆಮನೆಗೆ ಹೋದಳು. ಅಲ್ಲಿಂದಲೇ ಅವಳ ದನಿ ಬಂತು. “ಚಳಿಗಾಲ ಪೂರ್ತಿ ಅಂದ್ರೆ ಒಂದು ಡಬ್ಬಿ ಎಲ್ಲಿ ಸಾಲುತ್ತೆ? ಇನ್ನೊಂದು ಕಾಯಿಸ್ಲಾ?”

“ಹೂಂ” ಎಂದರು ಗುಮಾಸ್ತರು.