ಒಂದು ಕೊಂಬೆಗೊಂದು ಮೆಷೀನು ಗರಗಸ

ಭಾನುವಾರವನ್ನು ಯಾರು ಕಂಡುಹಿಡಿದರೋ ನನಗೆ ತಿಳಿಯದು. ನನ್ನಂಥವನನ್ನು ಮನಸ್ಸಿನಲ್ಲಿಟ್ಟುಕೊಂಡಂತೂ ಕಂಡುಹಿಡಿದಿಲ್ಲ. ವಾರವೆಲ್ಲ ಆಫೀಸಿನ ಕುರ್ಚಿ ನನ್ನನ್ನು ಹೇಗೋ ಹಿಡಿದು ಕೂರಿಸಿರುತ್ತದೆ. ಭಾನುವಾರ ಎರಡನೇ ಲೋಟ ಕಾಫಿ ಮುಗಿಯುವಷ್ಟರಲ್ಲಿ ಕೈ ತುರಿಸಲು ಶುರು. ಸರಿಯಾಗಿ ಓಡುತ್ತಿರುವ ಗಡಿಯಾರ ಬಿಚ್ಚುತ್ತೇನೆ. ಸೋರದ ನಲ್ಲಿಗೆ ಹೊಸ ವಾಷರ್ ಹಾಕುತ್ತೇನೆ, ಆಮೇಲೆ ಅದು ಸೋರುತ್ತದೆ. ಒಂದು ಸಲ ರೇಡಿಯೋ ಬಿಚ್ಚಿ ಜೋಡಿಸಿದಾಗ ಒಂದಿಷ್ಟು ಸ್ಕ್ರೂ ಮಿಕ್ಕವು, ಆದರೂ ರೇಡಿಯೋ ಹಾಡಿತು. ಅದು ನನ್ನ ಜಾಣತನ ಎಂದು ನಾನು. ರೇಡಿಯೋದ ಒಳ್ಳೆಯತನ ಎಂದು ನನ್ನ ಹೆಂಡತಿ ಶಾರದ. "ಸುಮ್ನೆ ಕೂತ್ಕೊಳೋದಕ್ಕೆ ಏನು ತಗೋತೀರಾ ಹೇಳಿ, ಅದನ್ನೇ ಕೊಡ್ತೀನಿ" ಎಂದು ಅವಳು ಎಷ್ಟೋ ಸಲ ಕೇಳಿದ್ದಾಳೆ. ನನಗೇ ಗೊತ್ತಿಲ್ಲದ್ದನ್ನು ಅವಳಿಗೆ ಏನಂತ ಹೇಳಲಿ?

ಇದು ಎಂಬತ್ತರ ದಶಕದ ಮಾತು. ಬನಶಂಕರಿ ಎರಡನೇ ಹಂತದಲ್ಲಿ ನಾವು ಮನೆ ಕಟ್ಟಿಕೊಂಡಾಗ ಸೈಟಿನ ಮೂಲೆಯಲ್ಲಿ ಆಗಲೇ ಒಂದು ನೇರಳೆ ಮರವಿತ್ತು. ಮರ ನಮ್ಮದು, ಆದರೆ ಅದರ ಒಂದು ದಪ್ಪ ಕೊಂಬೆ ಕಾಂಪೌಂಡು ದಾಟಿ ಪಕ್ಕದ ಮನೆಯ ಶಾಮರಾಯರ ತಾರಸಿಯ ಮೇಲೆ ಹಾಯಾಗಿ ಚಾಚಿಕೊಂಡಿತ್ತು. ಹಣ್ಣಿನ ಕಾಲದಲ್ಲಿ ಅವರ ಬಿಳಿ ಪಂಚೆಗಳಿಗೆಲ್ಲ ನೇರಳೆ ಬಣ್ಣದ ಚುಕ್ಕಿ. ಶಾಮರಾಯರು ಅಂಥ ಪಂಚೆಯೊಂದನ್ನು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಹರಡಿದರು. "ಮೂರ್ತಿಗಳೇ, ಇದನ್ನುಟ್ಟುಕೊಂಡು ನಾನು ಶ್ರಾದ್ಧಕ್ಕೆ ಹೋಗ್ಲಾ, ಹೋಳಿ ಆಡೋಕೆ ಹೋಗ್ಲಾ? ಮುಂದಿನ ಮಳೆಗಾಲದೊಳಗೆ ಆ ಕೊಂಬೆ ಇಳಿಸಿಬಿಡಿ. ಇಲ್ಲಾಂದ್ರೆ ನಿಮಗೂ ನಮಗೂ ಆಗೋದಿಲ್ಲ" ಎಂದರು. ಅವರು ಎದ್ದು ಹೋದ ಮೇಲೆ ಶಾರದ ಅಡುಗೆಮನೆಯಿಂದ ಬಂದಳು. ಅವಳ ಮುಖ ಸಣ್ಣದಾಗಿತ್ತು. ಶಾಮರಾಯರ ಹೆಂಡತಿ ಕಮಲಮ್ಮನೆಂದರೆ ಅವಳಿಗೆ ಈ ಊರಿನಲ್ಲಿ ಸಿಕ್ಕ ಅಕ್ಕ. ಕಾಂಪೌಂಡಿನ ಮೇಲೆ ದಿನಾ ಒಂದು ಬಟ್ಟಲು ಆ ಕಡೆ, ಒಂದು ಬಟ್ಟಲು ಈ ಕಡೆ. ಬಟ್ಟಲು ಖಾಲಿ ವಾಪಸು ಹೋದದ್ದೇ ಇಲ್ಲ. "ಆ ಕೊಂಬೆಗೋಸ್ಕರ ಕಮಲಕ್ಕನ ಜೊತೆ ಮಾತು ನಿಂತ್ರೆ ನಾನು ನಿಮ್ಮ ಜೊತೆ ಮಾತು ಬಿಡ್ತೀನಿ, ನೋಡ್ತಾ ಇರಿ" ಎಂದಳು.

ಮರ ಕಡಿಯುವ ಆಳೊಬ್ಬನನ್ನು ಕರೆಸಿದ್ದರೆ ಒಂದು ಬೆಳಗಿನಲ್ಲಿ ಮುಗಿಯುತ್ತಿತ್ತು. ಶಾರದ ಹೇಳಿದ್ದೂ ಅದನ್ನೇ. ಆದರೆ ಆಳು ಕೊಡಲಿ ಹಾಕುವಾಗ ನಾನು ಏನು ಮಾಡುತ್ತಾ ನಿಂತಿರಬೇಕು? ಮೆಷೀನು ಗರಗಸ ತಂದು ನಾನೇ ಕೊಯ್ಯುತ್ತೇನೆಂದು ಶಾಮರಾಯರಿಗೆ ಮಾತು ಕೊಟ್ಟುಬಿಟ್ಟೆ. ಮರುದಿನದಿಂದ ತಲೆಯಲ್ಲಿ ಅದೇ ಗುಂಗು. ಕರೆಂಟಿನದು ತರಲೋ, ಪೆಟ್ರೋಲಿನದು ತರಲೋ? ಕರೆಂಟಿನದು ಹಗುರ, ಸದ್ದು ಕಡಿಮೆ, ಆರೈಕೆಯೂ ಕಡಿಮೆ. ಆರೈಕೆ ಕಡಿಮೆ ಎಂಬ ಕಾರಣಕ್ಕೇ ನನಗದು ಹಿಡಿಸಲಿಲ್ಲ. ಹೊರಗೆ ಹೇಳಿದ್ದು ಮಾತ್ರ, ನಮ್ಮ ಬೀದಿಯಲ್ಲಿ ಕರೆಂಟು ಯಾವಾಗ ಹೋಗುತ್ತದೋ, ಏಣಿಯ ಮೇಲೆ ಅರ್ಧ ಕೊಯ್ದು ಕೂತಿರಲಾಗುತ್ತದೆಯೇ, ಅಂತ.

ಸಿಟಿ ಮಾರ್ಕೆಟ್ಟಿನ ಹತ್ತಿರ ತೋಟದ ಯಂತ್ರಗಳನ್ನು ಮಾರುವ ಅಂಗಡಿಯೊಂದಿತ್ತು. ಅಂಗಡಿಯವನು ನನ್ನನ್ನು ಕಂಡ ಕೂಡಲೇ ಎದ್ದು ನಿಂತು, "ಬನ್ನಿ ಸಾರ್, ಎಸ್ಟೇಟು ಎಲ್ಲಿ? ಚಿಕ್ಕಮಗಳೂರಾ, ಕೊಡಗಾ?" ಎಂದ. ಬನಶಂಕರಿ ಎಂದೆ. ಎಷ್ಟು ಎಕರೆ ಎಂದ. ನಲವತ್ತು ಅರವತ್ತು ಸೈಟು ಎಂದೆ. ಅವನು ಮತ್ತೆ ಕೂತ. "ಎಷ್ಟು ಮರ ಕೊಯ್ಯೋದು?" "ಒಂದು." "ಪೂರಾ ಮರಾನಾ?" "ಇಲ್ಲ, ಒಂದು ಕೊಂಬೆ." ಪಾಪ, ಒಳ್ಳೆಯ ಮನುಷ್ಯ, ನಗಲಿಲ್ಲ. "ಅಪರೂಪಕ್ಕೆ ಬಳಸೋರಿಗೆ ಚಿಕ್ಕದು ಸಾಕು ಸಾರ್. ಆದರೆ ಒಂದು ಮಾತು. ದಿನಾ ಓಡೋ ಮೆಷೀನು ತನ್ನನ್ನು ತಾನೇ ನೋಡ್ಕೊಳುತ್ತೆ, ಅಪರೂಪಕ್ಕೆ ಓಡೋದನ್ನ ನೀವು ದಿನಾ ನೋಡ್ಕೋಬೇಕು" ಎಂದು, ಮೊಳದುದ್ದದ ಒಂದನ್ನು ತೆಗೆದಿಟ್ಟ. ಅವನು ಆ ಸಣ್ಣ ದನಿಯಲ್ಲಿ ಚಿಕ್ಕದು ಸಾಕು ಎಂದದ್ದೇ ನನ್ನನ್ನು ಕೆಣಕಿತು. ಹಿಂದೆ ಗೋಡೆಗೆ ಒರಗಿದ್ದ ದೊಡ್ಡದನ್ನು ತೋರಿಸಿ ಅದನ್ನೇ ಕಟ್ಟಿಕೊಡು ಎಂದೆ. ಸ್ಕೂಟರಿನ ಮುಂದೆ ಕಾಲಿನ ಹತ್ತಿರ ಅದನ್ನು ನಿಲ್ಲಿಸಿಕೊಂಡು ಸೌತ್ ಎಂಡ್ ಸರ್ಕಲ್ ದಾಟುವಾಗ ಬಸ್ಸಿನವರೆಲ್ಲ ಬಗ್ಗಿ ನೋಡಿದರು. ಆಹಾ, ಏನು ಖುಷಿ!

ಅಂಗಡಿಯವನ ಮಾತನ್ನು ಅಕ್ಷರಶಃ ಪಾಲಿಸಿದೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದು ಸ್ಕೂಟರಿನವನಾದ ನನಗೆ ಹೊಸದಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗದ ಸ್ಕೂಟರನ್ನು ಪಕ್ಕಕ್ಕೆ ವಾಲಿಸುವ ಹಾಗೆ ಈ ಮೆಷೀನನ್ನೂ ವಾಲಿಸಿ ನೋಡಿದೆ, ಪೆಟ್ರೋಲು ಪಂಚೆಯ ಮೇಲೆ ಸುರಿಯಿತು. ಅರದಿಂದ ಗರಗಸದ ಹಲ್ಲು ಉಜ್ಜಿದೆ, ಆ ಹಲ್ಲುಗಳ ಸರಪಳಿ ಸಡಿಲ ಮಾಡಿದೆ, ಬಿಗಿ ಮಾಡಿದೆ, ಪ್ಲಗ್ ಬಿಚ್ಚಿ ಒರೆಸಿದೆ. ಆಯುಧಪೂಜೆಯಲ್ಲಿ ಶಾರದ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದಳು. ಹಲ್ಲುಗಳ ಸಂದಿಯಿಂದ ಕುಂಕುಮ ತೆಗೆಯಲು ನನಗೆ ಮತ್ತೊಂದು ಭಾನುವಾರ ಸಿಕ್ಕಿತು. ಕೊಂಬೆ ಮಾತ್ರ ಅಲ್ಲೇ ಇತ್ತು. "ಯಾವಾಗ ಮೂರ್ತಿಗಳೇ?" ಎಂದು ತಾರಸಿಯಿಂದ ಶಾಮರಾಯರು. "ಇನ್ನೇನು, ರೆಡಿ ಆಗ್ತಿದೆ" ಎಂದು ನಾನು. ಶಾರದ ನನ್ನನ್ನು ದುರುಗುಟ್ಟಿ ನೋಡುವಳು.

ಸರಪಳಿಗೆ ಪ್ರತ್ಯೇಕವಾಗಿ ಎಣ್ಣೆ ಉಣಿಸುವ ಒಂದು ಪುಟ್ಟ ಡಬ್ಬಿ ಆ ಮೆಷೀನಿನಲ್ಲಿತ್ತು. ಅಂಗಡಿಯ ಎಣ್ಣೆ ಕಪ್ಪಗೆ, ನಾರುತ್ತಿತ್ತು. ಅಷ್ಟು ಮುದ್ದಾಗಿ ಸಾಕಿದ ಮೆಷೀನಿಗೆ ಅದನ್ನು ಹಾಕಲು ಮನಸ್ಸು ಬರದೆ, ಗಾಣದ ಶುದ್ಧ ಕೊಬ್ಬರಿ ಎಣ್ಣೆ ತುಂಬಿಸಿದೆ. ಕೊನೆಗೆ ಶಾಮರಾಯರ ಕಾಟ ತಡೆಯಲಾರದೆ ಧನುರ್ಮಾಸದ ಒಂದು ಭಾನುವಾರ ಬೆಳಿಗ್ಗೆಯೇ ಮುಹೂರ್ತವಿಟ್ಟೆ. ಏಣಿ ಬಂತು, ಹಗ್ಗ ಬಂತು, ಮಫ್ಲರ್ ಸುತ್ತಿಕೊಂಡು ಬೀದಿಯ ಜನ ಬಂದರು. ಮೆಷೀನಿನ ಸ್ಟಾರ್ಟರ್ ದಾರ ಎಳೆದೆ. ಮೆಷೀನು ಒಂದೇ ಎಳೆತಕ್ಕೆ ಗುಡುಗಿತು! ಆದರೆ ಸರಪಳಿ ಅಲ್ಲಾಡಲಿಲ್ಲ. ಆಕ್ಸಿಲರೇಟರ್ ಇನ್ನಷ್ಟು ಕೊಟ್ಟೆ. ಹೊಗೆ ಬಂತು, ಹೊಗೆಯ ಜೊತೆ ಘಮಘಮ ವಾಸನೆಯೂ ಬಂತು. ಆ ಕಡೆಯ ಅಡುಗೆಮನೆಯಿಂದ ಕಮಲಮ್ಮ ಕೂಗಿದರು, "ಶಾರದಾ, ಬಾಳೆಕಾಯಿ ಚಿಪ್ಸ್ ಕರೀತಿದ್ದೀಯೇನೇ?" ನಾನು ಮೆಷೀನು ನಿಲ್ಲಿಸಿದೆ, ಶಾರದ ಸರಪಳಿಯ ಮೇಲೆ ಬೆರಳಿಟ್ಟು ನೋಡಿದಳು. ಬೆರಳಿಗೆ ಬೆಳ್ಳಗೆ ಗಟ್ಟಿಯಾಗಿ ಮೆತ್ತಿಕೊಂಡಿತು. ಈ ಚಳಿಯಲ್ಲಿ ಬೆಂಗಳೂರಿನ ಯಾವ ಮನೆಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದಿಲ್ಲ? ತಲೆಗೆ ಹಚ್ಚಲು ದಿನಾ ಬಾಟಲಿಯನ್ನು ಬಿಸಿಲಿಗಿಡುವ ನನಗೇ ಅದು ಹೊಳೆದಿರಲಿಲ್ಲ. ಅವಳು ಒಳಗೆ ಹೋಗಿ, ಸ್ನಾನದ ಎಣ್ಣೆ ಬಾಟಲಿ ತಂದು ಬಿಸಿಲಿಗಿಟ್ಟಳು. ನಾನು ಪಕ್ಕದಲ್ಲಿ ಮೆಷೀನನ್ನಿಟ್ಟೆ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಮಧ್ಯಾಹ್ನದ ಹೊತ್ತಿಗೆ ಎರಡೂ ಕರಗಿದವು. ಈ ಸಲ ಸರಪಳಿ ಸರ್ರನೆ ತಿರುಗಿತು. ಶಾಮರಾಯರು ಕೊಂಬೆಗೆ ಕಟ್ಟಿದ ಹಗ್ಗ ಹಿಡಿದರು, ನಾನು ಏಣಿ ಹತ್ತಿದೆ. ನೋಡನೋಡುತ್ತಿದ್ದಂತೆ ಕೊಂಬೆ ತುಂಡು ತುಂಡಾಗಿ ಇಳಿಯಿತು, ತಾರಸಿಗೆ ಒಂದು ಗೀರೂ ಬೀಳಲಿಲ್ಲ. ಶಾಮರಾಯರು ನನ್ನ ಬೆನ್ನು ತಟ್ಟಿದರು, ಕಮಲಮ್ಮ ಬಿಸಿ ಬಿಸಿ ಬೋಂಡ ಕಳಿಸಿದರು. ಅಲ್ಲಿಗೆ ಮಂಗಳ ಹಾಡಬೇಕಿತ್ತು. ಆದರೆ ಅಷ್ಟು ದಿನ ಕಾದ ಕೈ ನಿಲ್ಲಬೇಕಲ್ಲ! ಒಂದು ಕಡೆ ಕೊಂಬೆ ಹೋದ ಮೇಲೆ ಮರ ಇನ್ನೊಂದು ಕಡೆಗೆ ವಾಲಿದಂತೆ ಕಂಡಿತು. ಆ ಕಡೆಯದನ್ನು ತೆಗೆದೆ. ಈಗ ಈ ಕಡೆ ಹೆಚ್ಚೆನಿಸಿತು. ಕನ್ನಡಿಯ ಮುಂದೆ ಮೀಸೆ ಸರಿಮಾಡಹೊರಟವನ ಗತಿ ನನ್ನದಾಯಿತು. ಒಂದೆರಡು ಭಾನುವಾರದಲ್ಲಿ ನೇರಳೆ ಮರ ಮೋಟಾಯಿತು, ಮೋಟು ಯಾಕೆಂದು ಅದನ್ನೂ ತೆಗೆದೆ. ಹಿತ್ತಲಿನ ನುಗ್ಗೆ ಹೋಯಿತು. ಸೀಬೆ ಹೋಯಿತು. ಕರಿಬೇವಿನ ಗಿಡದ ಮುಂದೆ ಶಾರದ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಮೊದಲು ನನ್ನ ಕೊಯ್ದು ಆಮೇಲೆ ಇದನ್ನ ಮುಟ್ಟಿ" ಎಂದಳು. ಆಗ ಮೆಷೀನು ಆಫ್ ಮಾಡಿದೆ.

ಬೇಸಿಗೆ ಬಂದಾಗ ಗೊತ್ತಾಯಿತು. ಆ ಮರ ಅಷ್ಟು ವರ್ಷ ಮಧ್ಯಾಹ್ನದ ಬಿಸಿಲನ್ನೆಲ್ಲ ತಾನೇ ಹೊತ್ತುಕೊಂಡಿತ್ತು. ಈಗ ಆ ಬಿಸಿಲು ನೇರವಾಗಿ ಶಾಮರಾಯರ ಮಲಗುವ ಕೋಣೆಯ ಗೋಡೆಗೆ. ಒಂದು ಸಂಜೆ ಅವರು ಬೆವರೊರೆಸಿಕೊಳ್ಳುತ್ತಾ ಬಂದರು. "ಮೂರ್ತಿಗಳೇ, ನಾನು ಕೇಳಿದ್ದು ಒಂದು ಕೊಂಬೆ. ಈಗ ನನ್ನ ಪಂಚೆ ಬೆಳ್ಳಗಿದೆ, ನಾನೇ ಸುಟ್ಟು ಕರ್ರಗಾಗಿದ್ದೀನಿ" ಎಂದು ಕೂರದೆಯೇ ಹೊರಟುಹೋದರು. ಆಮೇಲೆ ಮಾತಿಲ್ಲ. ನಮ್ಮ ಮನೆಯಿಂದ ಹೋದ ಬಟ್ಟಲು ಮೊದಲ ಬಾರಿಗೆ ಖಾಲಿ ವಾಪಸಾಯಿತು. ಶಾರದ ಆ ಬಟ್ಟಲನ್ನು ತೊಳೆದು ಬೋರಲು ಹಾಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಷೀನನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿಟ್ಟೆ.

ಮುಂಗಾರು ಶುರುವಾದ ಮೇಲೆ ಒಂದು ಬೆಳಿಗ್ಗೆ ಗೇಟಿನ ಸದ್ದಾಯಿತು. ಶಾಮರಾಯರು! ಕೈಯಲ್ಲಿ ನರ್ಸರಿಯ ಒಂದು ಪುಟ್ಟ ನೇರಳೆ ಸಸಿ, ಹಿಂದೆ ಕಮಲಮ್ಮ, ಅವರ ಕೈಯಲ್ಲಿ ತುಂಬಿದ ಬಟ್ಟಲು. "ಆಗಿದ್ದು ಆಯ್ತು, ನಡೀರಿ, ಇದನ್ನ ಅದೇ ಜಾಗದಲ್ಲಿ ನೆಡೋಣ" ಎಂದರು. ಶಾರದ ಕಮಲಮ್ಮನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ನಾನೂ ಶಾಮರಾಯರೂ ಸೇರಿ ಗುಂಡಿ ತೋಡಿ ನೆಟ್ಟೆವು, ನಾನೇ ನೀರೆರೆದೆ. ಸಸಿಯಲ್ಲಿ ಬೆರಳುದ್ದದ ಒಂದೇ ಒಂದು ಕವಲಿತ್ತು. ಅದು ಕಾಂಪೌಂಡಿನ ಕಡೆಗೆ ಚಾಚಿತ್ತು. ಅದನ್ನೇ ನೋಡುತ್ತಾ ನನ್ನ ಕಣ್ಣಲ್ಲಿ ನೀರು ತುಂಬಿತು. ಶಾಮರಾಯರು ನನ್ನ ಹೆಗಲ ಮೇಲೆ ಕೈಯಿಟ್ಟು, "ಬಿಡಿ ಮೂರ್ತಿಗಳೇ, ಇಷ್ಟು ನೊಂದುಕೊಂಡಿದ್ದೀರಲ್ಲ, ಸಾಕು" ಎಂದರು. ದೊಡ್ಡ ಮನಸ್ಸಿನ ಮನುಷ್ಯ, ಅವರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಒಳಗೆ ಹೋಗಿ ಮೆಷೀನನ್ನು ಗೋಣಿಚೀಲದಿಂದ ಈಚೆಗೆ ತೆಗೆದೆ. ಆ ಕವಲು ಅವರ ತಾರಸಿ ಮುಟ್ಟಲು ಇನ್ನೊಂದು ಹತ್ತು ವರ್ಷವಾದರೂ ಬೇಕು, ಅಲ್ಲಿಯವರೆಗೆ ಇದಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕಲ್ಲ!