ಹಿಂದಿನ ಟೈರಿನ ಇತ್ಯರ್ಥ

ಥಟ್ಟನೆ ತೀರ್ಮಾನ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ, ಜೊತೆಗೆ ಸ್ವಲ್ಪ ಹೆದರಿಕೆ. ಹೋಟೆಲಿನಲ್ಲಿ ಮಾಣಿ ನೀರಿನ ಲೋಟ ಇಡುವ ಮೊದಲೇ ‘ಒಂದು ಪೆಸರಟ್ಟು’ ಎಂದು ಹೇಳಿ ನಿಶ್ಚಿಂತೆಯಿಂದ ಕೂತುಬಿಡುವವರಿದ್ದಾರೆ. ನಾನಾದರೋ ಇದ್ದಬದ್ದ ತಿಂಡಿಗಳ ಹೆಸರನ್ನೆಲ್ಲ ಮಾಣಿಯ ಬಾಯಿಂದ ಎರಡೆರಡು ಸಲ ಹೇಳಿಸಿ, ಪಕ್ಕದ ಮೇಜಿನವರ ತಟ್ಟೆಯನ್ನು ಇಣುಕಿ ನೋಡಿ, ‘ಯಾವುದು ಚೆನ್ನಾಗಿದೆ?’ ಎಂದು ಅವನನ್ನೇ ಕೇಳಿ, ಅವನು ಹೇಳಿದ್ದನ್ನು ಬಿಟ್ಟು ಇಡ್ಲಿ ತಿಂದು ಬರುವವನು. ಇಂಥವನ ಮೋಟರ್‌ಸೈಕಲ್ಲಿನ ಹಿಂದಿನ ಟೈರಿಗೆ ಒಂದು ದಿನ ಮೊಳೆ ಚುಚ್ಚಿತು. ಮೊಳೆಗೇನು, ತನ್ನ ಕೆಲಸ ಮುಗಿಸಿ ಆರಾಮಾಗಿತ್ತು. ಪಂಕ್ಚರ್ ಹಾಕಿಸಬೇಕೋ, ಟೈರನ್ನೇ ಬದಲಿಸಬೇಕೋ ಎಂಬ ಯೋಚನೆ ಮಾತ್ರ ನನ್ನ ತಲೆಗೆ ಬಂತು.

ನಾವು ಕಾಚಿಗೂಡದವರು. ಅಜ್ಜ ರಾಯಚೂರಿನಿಂದ ನೌಕರಿಗೆಂದು ಬಂದು ಇಲ್ಲಿ ನಿಂತರು. ಅಂದಿನಿಂದ ಮನೆಯೊಳಗೆ ಕನ್ನಡ, ಗೇಟಿನ ಹತ್ತಿರ ತೆಲುಗು, ರಸ್ತೆ ದಾಟಿದರೆ ಹಿಂದಿ. ನಾನು ಪಟಾನ್‌ಚೆರುವಿನ ಒಂದು ಗುಳಿಗೆ ಕಾರ್ಖಾನೆಯಲ್ಲಿ ಗುಮಾಸ್ತ. ದಿನಾ ಕಾರ್ಖಾನೆಯ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆನಾದ್ದರಿಂದ, ಮೋಟರ್‌ಸೈಕಲ್ಲಿಗೆ ತರಕಾರಿ ತರುವ, ಸ್ಟೇಷನ್ನಿನಿಂದ ನೆಂಟರನ್ನು ಕರೆತರುವ ಕೆಲಸವಷ್ಟೇ ಇತ್ತು. ನೀರಾವರಿ ಇಲಾಖೆಯಿಂದ ನಿವೃತ್ತರಾಗಿದ್ದ ಅಪ್ಪ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಇನ್ನೂ ಗಟ್ಟಿ ಐತಿ. ಪಂಕ್ಚರ್ ಹಾಕಿಸಿದ್ರ ಸಾಕು” ಎಂದರು. ಹಲಸಿನಹಣ್ಣು ಒತ್ತಿ ನೋಡುವಾಗಲೂ ಅವರು ಹೀಗೇ ಹೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂರುವ ವೆಂಕಟೇಶಂ, ಟೈರನ್ನು ನೋಡದೆಯೇ, “ಬದಲಿಸಿಬಿಡು ಅನ್ನಾ, ಜೀವಕ್ಕಿಂತ ಹೆಚ್ಚಾ?” ಎಂದ. ಎರಡೂ ಮಾತು ಸರಿಯಾಗಿಯೇ ಕಂಡವು. ಎರಡೂ ಸರಿ ಎನಿಸಿದಾಗ ನಾನು ಯಾವುದು ಸುಲಭವೋ ಅದನ್ನು ಮಾಡಿ, ಯಾವುದು ಕಷ್ಟವೋ ಅದರ ಯೋಚನೆಯನ್ನು ಮುಂದುವರಿಸುತ್ತೇನೆ. ಪಂಕ್ಚರ್ ಹಾಕಿಸಿದೆ. ಮತ್ತೆ ಗಾಳಿ ಹೋಯಿತು, ಮತ್ತೆ ಹಾಕಿಸಿದೆ. ಬರಬರುತ್ತ ಆ ಟ್ಯೂಬಿನ ಮೇಲೆ ತೇಪೆಗಳು ಎಷ್ಟಾದವೆಂದರೆ, ತೇಪೆಗಳ ನಡುವೆ ಅಲ್ಲಲ್ಲಿ ಟ್ಯೂಬು ಕಾಣುತ್ತಿತ್ತು.

ನನ್ನ ಮದುವೆಯ ಕಥೆಯೂ ಹೀಗೇ ನಡೆದಿತ್ತು. ಮೂವತ್ತು ದಾಟಿ ಬಹಳ ದಿನಗಳಾಗಿದ್ದವು. ಹೆಣ್ಣು ನೋಡಿ ಬಂದಾಗಲೆಲ್ಲ ‘ವಿಚಾರ ಮಾಡಿ ಹೇಳ್ತೀನಿ’ ಎನ್ನುತ್ತಿದ್ದೆ. ಪ್ರಾಮಾಣಿಕವಾಗಿ ವಿಚಾರವನ್ನೂ ಮಾಡುತ್ತಿದ್ದೆ. ಒಮ್ಮೆಯಂತೂ ನಾನು ವಿಚಾರ ಮುಗಿಸಿ ‘ಆಗಬಹುದು’ ಎಂದು ಅಪ್ಪನಿಗೆ ಹೇಳಲು ಹೋದರೆ, ಅಪ್ಪ ಅದೇ ಹುಡುಗಿಯ ಲಗ್ನಪತ್ರಿಕೆ ಓದುತ್ತ ಕೂತಿದ್ದರು. ಊಟಕ್ಕೆ ಹೋಗಿ ಬಂದೆವು. ಹೋಳಿಗೆ ಚೆನ್ನಾಗಿತ್ತು.

ಈ ಸುದ್ದಿ ಗದಗಿನಲ್ಲಿದ್ದ ಶಾಂತಾ ಅತ್ತೆಗೆ ಮುಟ್ಟಿತು. ಅಪ್ಪನ ಅಕ್ಕ, ಸ್ಥೂಲಕಾಯ, ಮೊಣಕಾಲು ನೋವು, ಗಟ್ಟಿ ಗಂಟಲು. “ಇವನ್ನ ಇವನ ಕೈಯಾಗ ಬಿಟ್ರ ಆಗೂದಿಲ್ಲ” ಎಂದು ಚೀಲ ಕಟ್ಟಿಕೊಂಡು ಬಂದೇಬಿಟ್ಟರು. ಬರುವಾಗಲೇ ಒಂದು ಸಂಬಂಧವನ್ನೂ ಹಿಡಿದುಕೊಂಡು ಬಂದಿದ್ದರು: ಮೆಹದಿಪಟ್ಣಂನ ಕನ್ನಡದವರು, ಹುಡುಗಿಯ ಹೆಸರು ರೇಣುಕಾ, ಮಾದಾಪುರದಲ್ಲಿ ಕೆಲಸ. ಭಾನುವಾರ ಬೆಳಗ್ಗೆ ಬರುತ್ತೇವೆಂದು ಫೋನು ಮಾಡಿ, “ಹುಡುಗಂದು ಸ್ವಂತ ಗಾಡಿ ಐತ್ರಿ” ಎಂದೂ ಸೇರಿಸಿದರು. ಆ ದಿನ ಅಪ್ಪ ಜ್ವರ ಬಂದು ಹಾಸಿಗೆ ಹಿಡಿದರು. ನಾವಿಬ್ಬರೇ ಹೊರಡಬೇಕಾಯಿತು. ಆಟೋದಲ್ಲಿ ಹೋಗೋಣ ಎಂದೆ. “ಗಾಡಿ ಐತಿ ಅಂತ ಹೇಳೀನಿ. ಆಟೋದಾಗ ಇಳದ್ರ ಏನ್ ತಿಳ್ಕೊಂಡಾರು?” ಎಂದು ಅತ್ತೆ ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ನನ್ನ ಹೆಗಲು ಹಿಡಿದು ಹಿಂದೆ ಹತ್ತಿ ಕೂತರು. ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟಿತು.

ಮಾಸಬ್ ಟ್ಯಾಂಕ್ ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಗಾಡಿ ಸೊಂಟ ಬಳುಕಿಸತೊಡಗಿತು. ರಸ್ತೆ ಸರಿಯಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, ನಮ್ಮ ಹಿಂದಿನ ಚಕ್ರದತ್ತ ಬೆರಳು ತೋರಿಸಿ, “ಅನ್ನಾ, ಎನಕ ಗಾಲಿ ಲೇದು!” ಎಂದು ಕೂಗಿ ಮುಂದೆ ಹೋದ. ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. ಹಿಂದೆ ಗಾಳಿಯಿಲ್ಲ ಎಂದು ಪಾಪ ಅವನು ಒಳ್ಳೆಯದಕ್ಕೇ ಹೇಳಿದ್ದ. ಆದರೆ ಅತ್ತೆ ಗದಗಿನವರು. ಗದಗಿನಲ್ಲಿ ಗಾಲಿ ಎಂದರೆ ಗಾಲಿಯೇ.

“ಏ ಗಿರಿ! ಹಿಂದಿನ ಗಾಲೀನ ಇಲ್ಲಂತಲ್ಲೋ! ಎಲ್ಲಿ ಬಿದ್ದೈತಿ ನೋಡೋ!” ಎಂದು ನನ್ನ ಕಾಲರನ್ನು ಎರಡೂ ಕೈಯಲ್ಲಿ ಹಿಡಿದೆಳೆದರು. ನಾನು ಹೇಗೋ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಗಾಲಿ ಇತ್ತು. ಗಾಳಿ ಇರಲಿಲ್ಲ. ಅತ್ತೆ ಕೂತಲ್ಲಿಂದಲೇ ಬಾಗಿ ನೋಡಿ, “ಐತಲ್ಲೋ! ಸುಳ್ಳ ಹೇಳಿದ್ನಲ್ಲ ಅಂವಾ” ಎಂದು ಸಮಾಧಾನಪಟ್ಟರು.

ಅಲ್ಲೇ ಒಂದು ಕಂಬಕ್ಕೆ ಹಳೆಯ ಟೈರು ನೇತುಬಿದ್ದಿತ್ತು. ಅದರ ಕೆಳಗೆ ಪಂಕ್ಚರ್ ಅಂಗಡಿಯವನು ಇರಲಿಲ್ಲ. ಗಾಡಿ ಇಲ್ಲೇ ಬಿಟ್ಟು ಆಟೋ ಹಿಡಿಯೋಣ ಎಂದೆ. ಅತ್ತೆ ಒಪ್ಪಲಿಲ್ಲ. ಹಾಗಾದರೆ ಇಳಿಯಿರಿ, ನಾನು ದಬ್ಬಿಕೊಂಡು ಬರುತ್ತೇನೆ, ನೀವು ಮೆಲ್ಲಗೆ ನಡೆಯಿರಿ ಎಂದೆ. “ಈ ಮೊಣಕಾಲಾಗ? ಒಮ್ಮೆ ಇಳದ್ರ ಮತ್ತ ಹತ್ತೂದು ನನ್ನಿಂದ ಆಗೂದಿಲ್ಲ. ಹಿಂಗ ದಬ್ಬು. ಇಲ್ಲೇ ಸಮೀಪ ಐತಿ” ಎಂದರು. ಮತ್ತೊಮ್ಮೆ ಬೇಡಿಕೊಂಡೆ. ಮುಖ ಆ ಕಡೆ ತಿರುಗಿಸಿಕೊಂಡರು. ಹಾಗಾಗಿ ಹೊಸ ಅಂಗಿ ತೊಟ್ಟ ನಾನು ಹ್ಯಾಂಡಲ್ ಹಿಡಿದು ದಬ್ಬುತ್ತ, ಅತ್ತೆ ಉತ್ಸವಮೂರ್ತಿಯ ಹಾಗೆ ಮೇಲೆ ವಿರಾಜಮಾನರಾಗಿ, ಹೋಗಿಬರುವವರೆಲ್ಲ ‘ಗಾಲಿ ಲೇದು, ಗಾಲಿ ಲೇದು’ ಎಂದು ಘೋಷಣೆ ಮಾಡುತ್ತ, ನಮ್ಮ ಮೆರವಣಿಗೆ ಮೆಹದಿಪಟ್ಣಂ ಕಡೆ ಸಾಗಿತು.

ಹೆಣ್ಣಿನ ಮನೆಯವರು ಮೊದಲನೆಯ ಮಹಡಿಯ ಬಾಲ್ಕನಿಯಲ್ಲಿ ಕಾಯುತ್ತ ನಿಂತಿದ್ದರು. ಅವರ ಗಲ್ಲಿಯ ಮೂಲೆಯಲ್ಲೇ ಒಂದು ಪಂಕ್ಚರ್ ಅಂಗಡಿ ಇತ್ತು, ಅದರೊಳಗೆ ಮನುಷ್ಯನೂ ಇದ್ದ. ಅತ್ತೆಯನ್ನು ಇಳಿಸಿ, ಅವರಿಗೆ ಸ್ಟೂಲು ಹಾಕಿಸಿ, ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅಂಗಡಿಯವನು ಟ್ಯೂಬನ್ನು ಹೊರಗೆಳೆದು ನನ್ನ ಮುಖದ ಮುಂದೆ ಹಿಡಿದ. ಅದು ಅತ್ತೆಯ ಭಾರಕ್ಕೆ ಹರಿದು ಚಿಂದಿಯಾಗಿತ್ತು. “ಇಸ್ಮೆ ಪಂಕ್ಚರ್ ಕ್ಯಾ ಬನಾನಾ ಸಾಬ್? ಪೂರಾ ಟ್ಯೂಬ್‌ಇಚ್ ಪಂಕ್ಚರ್ ಹೈ!” ಎಂದ. ಇಡೀ ಟ್ಯೂಬೇ ಪಂಕ್ಚರ್ ಆಗಿರುವಾಗ ತೇಪೆ ಎಲ್ಲಿಗೆ ಹಾಕುವುದು ಎಂಬುದು ಅವನ ಪ್ರಶ್ನೆ. ಟೈರಿನ ಅಂಚೂ ಕತ್ತರಿಸಿಹೋಗಿತ್ತು. ಆದರೂ ನಾನು, ಟ್ಯೂಬು ಮಾತ್ರ ಬದಲಿಸಿದರೆ ಹೇಗೆ, ಇದೇ ಟೈರಿನ ಒಳಗೆ ಒಂದು ತುಂಡು ರಬ್ಬರು ಇಟ್ಟರೆ ಹೇಗೆ ಎಂದು ವಿಚಾರ ಶುರುಮಾಡಿದೆ.

“ನೀರು ಕುಡೀರಿ” ಎಂಬ ಧ್ವನಿ ಕೇಳಿಸಿತು. ತಿರುಗಿದರೆ ರೇಣುಕಾ. ಒಂದು ಚೊಂಬು ನೀರು ಅತ್ತೆಗೆ ಕೊಟ್ಟು, ಇನ್ನೊಂದನ್ನು ನನಗೆ ಚಾಚಿದಳು. “ಈ ಟೈರ್ ಭಾಳ ದಿನದಿಂದ ಹಿಂಗ ಐತೇನ್ರಿ?”

“ಹೌದ್ರಿ.”

“ಮತ್ತ ಬದಲಿ ಯಾಕ ಮಾಡಿಸಿಲ್ರಿ?”

“ವಿಚಾರ ಮಾಡಾಕತ್ತೀನ್ರಿ.”

ಅವಳು ನನ್ನನ್ನು ನೋಡಿದಳು, ಟ್ಯೂಬನ್ನು ನೋಡಿದಳು. ಅಂಗಡಿಯವನತ್ತ ತಿರುಗಿ, “ಟೈರ್ ಟ್ಯೂಬ್ ದೋನೋ ನಯಾ ಡಾಲೋ ಭಾಯ್” ಎಂದು ಎರಡನ್ನೂ ಹೊಸದು ಹಾಕಲು ಹೇಳಿದಳು. “ಚಾ ಆಗೈತ್ರಿ, ಮ್ಯಾಲೆ ಬರ್ರಿ” ಎಂದು ಅತ್ತೆಯ ಕೈ ಹಿಡಿದು ಎಬ್ಬಿಸಿದಳು. ನಾನು ವಾರಗಟ್ಟಲೆ ಹೊತ್ತು ತಿರುಗಿದ್ದ ಸಮಸ್ಯೆ ಒಂದು ವಾಕ್ಯದಲ್ಲಿ ಮುಗಿಯಿತು. ತಲೆಯೊಳಗೆ ಅಷ್ಟು ಜಾಗ ಖಾಲಿಯಾದದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಮೇಲೆ ಉಪ್ಪಿಟ್ಟು, ಶಿರಾ, ಅತ್ತೆಯ ಮಾತು ಎಲ್ಲ ಧಾರಾಳವಾಗಿ ಆದವು. ಹೊರಡುವ ಹೊತ್ತಿಗೆ ರೇಣುಕಾಳ ಅಪ್ಪ, “ನಿಮ್ಮ ಅಭಿಪ್ರಾಯ ಸಾವಕಾಶ ತಿಳಸ್ರಿ, ಅವಸರ ಏನಿಲ್ಲ” ಎಂದರು. “ನನಗ ಒಪ್ಪಿಗಿ ಐತ್ರಿ” ಎಂದು ಯಾರೋ ಅಂದರು. ಅತ್ತೆ ಬಾಯಿಗಿಟ್ಟ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಾಗಲೇ ಅಂದವನು ನಾನು ಎಂದು ತಿಳಿದದ್ದು. ಎಲ್ಲರೂ ರೇಣುಕಾಳ ಕಡೆ ತಿರುಗಿದರು. ಅವಳು ಶಾಂತವಾಗಿ, “ನಾ ವಿಚಾರ ಮಾಡಿ ಹೇಳ್ತೀನ್ರಿ” ಎಂದಳು.

ಆ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಎಂಥ ಹಿಂಸೆ ಎಂದು ಆಗ ಗೊತ್ತಾಯಿತು. ಮುಂದಿನ ದಿನಗಳಲ್ಲಿ ಫೋನು ಸದ್ದು ಮಾಡಿದಾಗಲೆಲ್ಲ ಅಪ್ಪನಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದೆ. ಬಸ್ಸಿನಲ್ಲಿ ವೆಂಕಟೇಶಂ ಏನು ಕೇಳಿದರೂ ನನಗೆ ಕೇಳಿಸುತ್ತಿರಲಿಲ್ಲ. ಹೊಸ ಟೈರು ಹಾಕಿದ ಗಾಡಿಯನ್ನು ಸುಮ್ಮನೆ ಹೊರಗೆ ತೆಗೆದು, ಸುಮ್ಮನೆ ಮೆಹದಿಪಟ್ಣಂವರೆಗೆ ಹೋಗಿ, ಸುಮ್ಮನೆ ವಾಪಸು ಬರುತ್ತಿದ್ದೆ. ಕೊನೆಗೊಂದು ಸಂಜೆ ಅಪ್ಪ ಫೋನು ಕೆಳಗಿಟ್ಟು, “ಹ್ಞೂಂ ಅಂದಾರ” ಎಂದರು. ಅತ್ತೆ ಕೂಡಲೇ ಸಕ್ಕರೆಯ ಡಬ್ಬಿ ತೆಗೆದರು.

ಮದುವೆಯಾಗಿ ಸ್ವಲ್ಪ ಸಲಿಗೆ ಬೆಳೆದ ಮೇಲೆ ಒಂದು ದಿನ ರೇಣುಕಾಳನ್ನು ಕೇಳಿದೆ, ನನ್ನಲ್ಲಿ ಏನು ನೋಡಿ ಒಪ್ಪಿದೆ ಎಂದು. ಅವಳು ಬಟ್ಟೆ ಮಡಚುತ್ತ ಹೇಳಿದಳು: “ಟೈರಿನ ಕಥಿ ಕೇಳಿ ಬ್ಯಾಡ ಅನ್ನಾಕಿನ ಇದ್ದೆ. ಆದ್ರ ಆ ಬಿಸಿಲಾಗ ವಯಸ್ಸಾದವರನ್ನ ನಡಸಬಾರದು ಅಂತ, ಗಾಡಿ ಮ್ಯಾಲೆ ಕೂಡಿಸಿ ನೀವು ದಬ್ಬಕೋತ ಬಂದ್ರಲ್ಲ, ಅದು ಕಣ್ಣಮುಂದಿಂದ ಹೋಗಲಿಲ್ರಿ. ಇಷ್ಟು ದೊಡ್ಡ ಮನಸ್ಸಿನವರಿಗೆ ಟೈರ್ ಬದಲಿ ಮಾಡೂದನ್ನ ನಾವು ಕಲಸಬಹುದು ಅನ್ನಿಸಿತು.”

ನಾನು ವಿನಯದಿಂದ ತಲೆ ತಗ್ಗಿಸಿದೆ. ಅತ್ತೆಯನ್ನು ಇಳಿಸಲು ನಾನು ಪಟ್ಟ ಪ್ರಯತ್ನಗಳನ್ನು ಇವಳಿಗೆ ಹೇಳಬೇಕೋ, ಬೇಡವೋ? ಅಂದಿನಿಂದ ವಿಚಾರ ಮಾಡುತ್ತಲೇ ಇದ್ದೇನೆ.